ಮ್ಯಾನ್‌ಹೋಲ್ ಪಕ್ಕದ ಚಪ್ಪಲಿಗಳು

ಬಾಯ್ಲರ್ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು ಎಂಬುದರಿಂದ ನಿಮಗೆ ಆಗಬೇಕಾದದ್ದು ಏನೂ ಇಲ್ಲ. ಮೂವತ್ತಾರು ವರ್ಷ ಒಂದೇ ಆಸ್ಪತ್ರೆಯ ಯಂತ್ರಗಳ ನಡುವೆ ಕಳೆದವನು ನಾನು. ಅಲ್ಲಿ ಮಾಡಿದ ತಪ್ಪುಗಳಿಂದ ನಿಮಗೆ ಏನಾದರೂ ಉಪಯೋಗ ಆಗಬಹುದು. ಅವುಗಳಲ್ಲಿ ಒಂದನ್ನು ಮೊನ್ನೆ ಮೊನ್ನೆಯವರೆಗೆ ನನ್ನ ಹೆಂಡತಿಗೂ ಹೇಳಿರಲಿಲ್ಲ.

ಆಸ್ಪತ್ರೆ ಇರುವುದು ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ಮಧುರೆ ದಾಟಿದ ಮೇಲೆ, ನೀಲಗಿರಿ ತೋಪಿನ ಹಿಂದೆ. ಹೆಸರು ಬೇಡ. ಎದೆರೋಗದವರಿಗೆಂದು ಕಟ್ಟಿದ್ದು, ಬರಬರುತ್ತಾ ಎಲ್ಲ ಕಾಯಿಲೆಯವರೂ ಬಂದರು, ಆಮೇಲೆ ಯಾರೂ ಬರಲಿಲ್ಲ. ನಾನು ನಿವೃತ್ತನಾದ ಎರಡು ವರ್ಷಕ್ಕೆ ಬೀಗ ಬಿತ್ತು. ಈಗ ಕಟ್ಟಡ ಕೆಡವಿ ಗೋಡೌನ್ ಕಟ್ಟುತ್ತಾರಂತೆ. ಕೆಡವುವ ಕಂಟ್ರಾಕ್ಟರನ ಕಡೆಯ ಇಂಜಿನಿಯರ್ ಭವ್ಯ ಎಂಬಾಕೆ ಗಣೇಶನ ಹಬ್ಬ ಕಳೆದ ವಾರ ನನಗೆ ಫೋನ್ ಮಾಡಿದಳು. ನಕ್ಷೆಯಲ್ಲಿರುವ ಪೈಪು ಗೋಡೆಯಲ್ಲಿಲ್ಲ, ಗೋಡೆಯಲ್ಲಿರುವ ಪೈಪು ನಕ್ಷೆಯಲ್ಲಿಲ್ಲ, ಯಾವ ಟ್ಯಾಂಕಿನಲ್ಲಿ ಏನಿತ್ತೆಂದು ಬಂದು ತೋರಿಸಬೇಕು ಎಂದು ಕೇಳಿಕೊಂಡಳು. ನನ್ನ ನಂಬರು ಕೊಟ್ಟದ್ದು ಮುನಿರಾಜು ಎಂದೂ, ಅವನೂ ಬರುತ್ತಾನೆಂದೂ ಹೇಳಿದಳು. ಅದು ಕೇಳಿದ ಮೇಲೆ ಹೋಗುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ.

ಮುನಿರಾಜು ನನ್ನ ಕೈಕೆಳಗೆ ಇಪ್ಪತ್ತೆಂಟು ವರ್ಷ ದುಡಿದವನು. ನನಗಿಂತ ನಾಲ್ಕು ವರ್ಷ ಚಿಕ್ಕವನು, ಸಣಕಲು ಆಳು, ಬಾಯಿ ಮಾತ್ರ ದೊಡ್ಡದು. ಹನುಮಣ್ಣ, ಅಂದರೆ ನಾನು, ತನ್ನ ಜೀವ ಉಳಿಸಿದ ಎಂದು ಊರೆಲ್ಲ ಹೇಳಿಕೊಂಡು ಬಂದವನು. ಪ್ರತಿ ವರ್ಷ ಆಯುಧಪೂಜೆಯ ಮಾರನೆಯ ದಿನ ಬಸ್ಸು ಹತ್ತಿ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದು, ಒಂದು ಚೀಲ ಕಡ್ಲೆಪುರಿ ಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದ. ಅವನು ಹೇಳುವ ಕಥೆಯಲ್ಲಿ ಅರ್ಧ ಮಾತ್ರ ನಿಜ. ಇನ್ನರ್ಧ ನನ್ನೊಬ್ಬನಿಗೇ ಗೊತ್ತಿತ್ತು. ಅವನ ಪಕ್ಕದಲ್ಲಿ ನಿಂತು ಆ ಬಾಯ್ಲರನ್ನು ಮತ್ತೆ ನೋಡಬೇಕೆಂದರೆ ನನಗೆ ಭಯವೇ ಆಗುತ್ತಿತ್ತು. ಆದರೂ ಹೋದೆ. ಗ್ಯಾಸ್ ಕಟಿಂಗ್ ಮಾಡುವವರು ಎಣ್ಣೆಯ ಪೈಪಿಗೆ ಬೆಂಕಿ ಹಿಡಿದರೆ ಏನಾಗುತ್ತದೆಂದು ತಿಳಿದವನು ಮನೆಯಲ್ಲಿ ಕೂತಿರುವುದು ಸರಿಯಲ್ಲ.

ಗೇಟಿನ ಹತ್ತಿರ ಮುನಿರಾಜು ಮೊದಲೇ ಬಂದು ನಿಂತಿದ್ದ. ಭವ್ಯ ನಮ್ಮಿಬ್ಬರಿಗೂ ಹಳದಿ ಹೆಲ್ಮೆಟ್ ಕೊಟ್ಟಳು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು, ಹೊಸಕೋಟೆ ಕಡೆಯವಳು, ಕೈಯಲ್ಲಿ ಒಂದು ರಟ್ಟು, ಅದಕ್ಕೆ ಸಿಕ್ಕಿಸಿದ ಕಾಗದ. ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಬರೆದುಕೊಳ್ಳುವವರನ್ನು ಕಂಡರೆ ನನಗೆ ಇಷ್ಟ. ತಲೆ ಅಲ್ಲಾಡಿಸುವವರನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ.

ಮೊದಲು ಲಾಂಡ್ರಿಗೆ ಹೋದೆವು. ಚಾವಣಿಯ ಶೀಟು ಎರಡು ಕಡೆ ಕುಸಿದು, ಒಗೆಯುವ ದೊಡ್ಡ ಡ್ರಮ್ಮಿನೊಳಗೆ ಪಾರಿವಾಳ ಗೂಡು ಕಟ್ಟಿದ್ದವು. ತುಕ್ಕು ಹಿಡಿದ ಬಾಗಿಲನ್ನು ಮುನಿರಾಜು ಎಳೆದು ನೋಡಿದ, ಕೀಲು ಅವನ ಕೈಗೇ ಬಂತು. ಅವನು ನೌಕರಿ ಶುರು ಮಾಡಿದ್ದು ಇಲ್ಲೇ. ಒಂದು ಸಲ ಡಾಕ್ಟರುಗಳ ಬಿಳಿ ಕೋಟುಗಳ ಜೊತೆ ವಾರ್ಡಿನ ಹೊಸ ಕೆಂಪು ಕಂಬಳಿಯೊಂದನ್ನೂ ಹಾಕಿ ಸ್ಟೀಮ್ ಬಿಟ್ಟಿದ್ದ. ಬಿಸಿ ನೀರಿಗೆ ಕಂಬಳಿ ಬಣ್ಣವನ್ನೆಲ್ಲ ಬಿಟ್ಟಿತ್ತು. ಹೊಸ ಕೋಟು ಬರುವವರೆಗೆ ನಮ್ಮ ಡಾಕ್ಟರುಗಳೆಲ್ಲ ಗುಲಾಬಿ ಬಣ್ಣದ ಕೋಟು ತೊಟ್ಟು ಓಡಾಡಿದರು. ಹೆರಿಗೆ ವಾರ್ಡಿನ ಹೆಂಗಸರು ನಕ್ಕು ನಕ್ಕು ಹೊಲಿಗೆ ಬಿಚ್ಚಿಕೊಳ್ಳುತ್ತಾರೆಂದು ದೊಡ್ಡ ನರ್ಸಮ್ಮ ದೂರು ಕೊಟ್ಟರು. ಆ ತಪ್ಪಿಗೆ ಶಿಕ್ಷೆಯೆಂದು ಮುನಿರಾಜುವನ್ನು ನನ್ನ ಬಾಯ್ಲರ್ ಕೋಣೆಗೆ ತಳ್ಳಿದರು. ಭವ್ಯ ಇದನ್ನು ಕೇಳಿ ಬರೆಯುವುದನ್ನು ನಿಲ್ಲಿಸಿ ನಕ್ಕಳು. ಮುನಿರಾಜು ಆ ಕಂಬಳಿ ತಯಾರಿಸಿದವರನ್ನು ಇವತ್ತಿಗೂ ಬಯ್ಯುತ್ತಾನೆ.

ಅಲ್ಲಿಂದ ಜನರೇಟರ್ ಕೋಣೆ. ಕಿಟಕಿಯಿಂದ ಅರಳಿ ಗಿಡದ ಬೇರು ಒಳಗಿಳಿದು ಇಂಜಿನ್ನಿನ ಮೇಲೆ ಹರಡಿಕೊಂಡಿತ್ತು. ಬ್ಯಾಟರಿ, ತಾಮ್ರದ ತಂತಿ, ಹಿತ್ತಾಳೆಯ ನಲ್ಲಿ, ಕಳಚಲು ಸಾಧ್ಯವಾದದ್ದನ್ನೆಲ್ಲ ಯಾರೋ ಎಂದೋ ಕಳಚಿಕೊಂಡು ಹೋಗಿದ್ದರು. ಈ ಕೋಣೆಯಲ್ಲೇ ನನಗೆ ಒಂದು ಹೆಸರು ಬಂದದ್ದು. ನಮ್ಮ ಮೇಲಿನ ಇಂಜಿನಿಯರ್ ಶೇಷಗಿರಿ ರಾಯರು. ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಬಂದರೆ ಸಂಜೆಯವರೆಗೆ ಅದರ ಮೇಲೆ ಒಂದು ಮಸಿ ಚುಕ್ಕೆ ಬೀಳದಂತೆ ಕೆಲಸ ಮಾಡುತ್ತಿದ್ದ ಮನುಷ್ಯ. ಒಂದು ದಿನ ಓಡುತ್ತಿದ್ದ ಜನರೇಟರ್ ಪಕ್ಕ ನಿಂತು ನಾನು, ಇದರ ಎರಡನೇ ಸಿಲಿಂಡರಿನಲ್ಲಿ ಏನೋ ಸಡಿಲವಾಗಿದೆ ಸಾರ್ ಎಂದೆ. ರಾಯರು ಕಿವಿಗೊಟ್ಟು ಕೇಳಿ, ಏನೂ ಇಲ್ಲ ಎಂದರು. ನಾನು ಹಟ ಹಿಡಿದೆ. ಬಿಚ್ಚಿಸಿ ನೋಡಿದರೆ ಒಂದು ಬೋಲ್ಟು ಅರ್ಧ ಕಳಚಿಕೊಂಡಿತ್ತು. ಅಂದಿನಿಂದ ನನ್ನನ್ನು ಕಿವಿ ಹನುಮಂತ ಎಂದು ಕರೆಯತೊಡಗಿದರು. ಪಂಪು, ಮೋಟಾರು, ಸ್ಟೀಮ್ ಲೈನು, ಎಲ್ಲಿ ಸದ್ದು ಬದಲಾದರೂ ನನಗೆ ಹೇಳಿ ಕಳಿಸುತ್ತಿದ್ದರು. ನನಗೂ ಅದು ತಲೆಗೇರಿತು. ಮೀಟರು ನೋಡುವುದು ಕಿವಿ ಇಲ್ಲದವರ ಕೆಲಸ ಎಂದು ಬೀಗುತ್ತಿದ್ದೆ. ಈ ಬೀಗುವಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ.

ಜನರೇಟರ್ ಕೋಣೆಯ ಹಿಂದೆ ನೆಲದಡಿ ಹೂತಿರುವ ಎಣ್ಣೆ ಟ್ಯಾಂಕನ್ನು ತೋರಿಸಿದೆ. ಅದು ಯಾವ ನಕ್ಷೆಯಲ್ಲೂ ಇರಲಿಲ್ಲ. ಮೇಲೆ ಲಂಟಾನ ಪೊದೆ ಬೆಳೆದಿತ್ತು. ಭವ್ಯ ಅದರ ಸುತ್ತ ಕೆಂಪು ಟೇಪು ಕಟ್ಟಿಸಿ, ನೀವು ಬರದೇ ಹೋಗಿದ್ದರೆ ಇದರ ಮೇಲೇ ಜೆಸಿಬಿ ನಿಲ್ಲಿಸುತ್ತಿದ್ದೆವು ಎಂದಳು. ಬಂದದ್ದು ಒಳ್ಳೆಯದಾಯಿತು ಎಂದು ನನಗೂ ಅನ್ನಿಸಿತು.

ಕೊನೆಗೆ ಬಾಯ್ಲರ್ ಕೋಣೆ.

ಬಾಗಿಲು ಇರಲಿಲ್ಲ. ಒಳಗೆ ನಮ್ಮ ಬಾಯ್ಲರ್ ಹಾಗೇ ಮಲಗಿತ್ತು. ಹೊದಿಕೆಯ ತಗಡು ಕಿತ್ತು ಜೋತಾಡುತ್ತಿತ್ತು, ಬೆಂಕಿ ಬಾಗಿಲಿನ ಮುಂದೆ ಮಳೆ ನೀರು ನಿಂತು ಕಪ್ಪಗಾಗಿತ್ತು. ಮೇಲಕ್ಕೆ ಹತ್ತುವ ಕಬ್ಬಿಣದ ಏಣಿ ಗಟ್ಟಿಯಾಗಿಯೇ ಇತ್ತು. ಗೋಡೆಯಲ್ಲಿ ನಾವು ಪ್ರತಿ ಶುಕ್ರವಾರ ಅರಿಶಿನ ಕುಂಕುಮ ಹಚ್ಚುತ್ತಿದ್ದ ಗೂಡು ಕೂಡ ಇತ್ತು. ಅಳು ಬಂತು. ಮುನಿರಾಜು ನೋಡುತ್ತಾನೆಂದು ಹೆಲ್ಮೆಟ್ ಸರಿಪಡಿಸಿಕೊಂಡೆ.

ಇದು ಏನೇನು ಮಾಡುತ್ತಿತ್ತು ಎಂದು ಭವ್ಯ ಕೇಳಿದಳು. ಎಲ್ಲವನ್ನೂ ಎಂದೆ. ಇದರ ಸ್ಟೀಮಿನಿಂದಲೇ ಆಪರೇಷನ್ ಕತ್ತರಿಗಳು ಶುದ್ಧವಾಗುತ್ತಿದ್ದವು, ಹಾಸಿಗೆ ಬಟ್ಟೆ ಒಗೆಯುತ್ತಿದ್ದರು, ಅಡಿಗೆ ಮನೆಯಲ್ಲಿ ಮುನ್ನೂರು ಜನಕ್ಕೆ ಮುದ್ದೆ ಬೇಯುತ್ತಿತ್ತು. ಸ್ಟೀಮ್ ಸ್ವಲ್ಪ ಇಳಿದರೆ ಮುದ್ದೆ ಗಂಟಾಗುತ್ತಿತ್ತು, ಅಡಿಗೆಯವನು ಸೌಟು ಹಿಡಿದೇ ಬರುತ್ತಿದ್ದ. ನಾನು ಸೇರಿದಾಗ ಸೌದೆ ಒಟ್ಟುತ್ತಿದ್ದೆವು, ಆಮೇಲೆ ಎಣ್ಣೆ ಬಂತು, ಕೊನೆಗೆ ಗೋಡೆಗೆ ಪ್ಲಗ್ ಚುಚ್ಚಿದರೆ ಕತ್ತರಿ ಬೇಯಿಸುವ ಪೆಟ್ಟಿಗೆಗಳು ಬಂದವು. ಅವು ಬಂದ ಮೇಲೆ ಇದಕ್ಕೆ ಬೆಂಕಿ ಹಾಕುವವರು ಬೇಡವಾದರು.

ನನ್ನ ಮೊದಲ ತಪ್ಪನ್ನೂ ಅವಳಿಗೆ ಹೇಳಿದೆ. ಬಾಯ್ಲರ್ ಮುಂದೆ ಒಂದು ಗಾಜಿನ ಕೊಳವೆ ಇರುತ್ತದೆ, ಒಳಗಿನ ನೀರಿನ ಮಟ್ಟ ಅದರಲ್ಲಿ ಕಾಣುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವಾರ ನಾನು ಅದನ್ನು ನೋಡಿ, ತುಂಬಿದೆ ಸಾರ್ ಎಂದು ಕೂಗಿದೆ. ರಾಯರು ಬಂದು ನೋಡಿದವರೇ ಉರಿಯುವ ಸೌದೆಯನ್ನು ಹೊರಗೆ ಎಳೆಸಿ ಹಾಕಿದರು. ಕೊಳವೆ ಪೂರ್ತಿ ಖಾಲಿಯಾಗಿತ್ತು. ಪೂರ್ತಿ ತುಂಬಿದ ಗಾಜೂ ಪೂರ್ತಿ ಖಾಲಿಯಾದ ಗಾಜೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ನಡುವೆ ಗೆರೆ ಇದ್ದರೆ ಮಾತ್ರ ಮಟ್ಟ ಗೊತ್ತಾಗುವುದು. ಇನ್ನು ಹತ್ತು ನಿಮಿಷ ಹೋಗಿದ್ದರೆ ನೀರಿಲ್ಲದೆ ಕಾದ ಬಾಯ್ಲರ್ ಲಾಂಡ್ರಿ ಸಮೇತ ಹಾರಿಹೋಗುತ್ತಿತ್ತು. ರಾಯರು ಬಯ್ಯಲಿಲ್ಲ. ನಲ್ಲಿ ತಿರುಗಿಸಿ ಕೊಳವೆಯ ನೀರು ಬಿಟ್ಟು, ಮತ್ತೆ ಏರುತ್ತದೋ ಇಲ್ಲವೋ ನೋಡುವುದನ್ನು ಗಂಟೆಗೊಂದು ಸಲದಂತೆ ಒಂದು ತಿಂಗಳು ನನ್ನಿಂದ ಮಾಡಿಸಿದರು. ಕಂಡದ್ದನ್ನು ನಂಬಬೇಡ, ಕೇಳಿ ಉತ್ತರ ತಗೋ ಎಂಬುದು ಅದರ ಪಾಠ. ನಾನು ಆ ಪಾಠವನ್ನು ಗಾಜಿನ ಕೊಳವೆಗೆ ಮಾತ್ರ ಕಲಿತೆ.

ಅಷ್ಟರಲ್ಲಿ ಮುನಿರಾಜು ಏಣಿ ಹತ್ತಿ ಬಾಯ್ಲರ್ ನೆತ್ತಿಯ ಮೇಲೆ ನಿಂತಿದ್ದ. ಒಬ್ಬ ಮನುಷ್ಯ ಹೇಗೋ ನುಸುಳಬಹುದಾದ ಮೊಟ್ಟೆ ಆಕಾರದ ಬಾಯಿ ಅಲ್ಲಿದೆ, ಅದೇ ಮ್ಯಾನ್‌ಹೋಲ್. ನಮ್ಮ ಬೋರ್‌ವೆಲ್ ನೀರಿಗೆ ವರ್ಷಕ್ಕೊಮ್ಮೆ ಒಳಗೆಲ್ಲ ಸುಣ್ಣದ ಪೊರೆ ಕಟ್ಟುತ್ತಿತ್ತು. ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ ಮುನಿರಾಜು ಅದರೊಳಗೆ ಇಳಿದು ಉಳಿ ಹಿಡಿದು ಕೆರೆಯುತ್ತಿದ್ದ. ಅವನ ಸಣಕಲು ಮೈಗೆ ಅದೇ ಕೆಲಸ ಸರಿಹೋಗಿತ್ತು. ಒಳಗೆ ಇಳಿಯುವವನು ತನ್ನ ಚಪ್ಪಲಿಯನ್ನು ಮ್ಯಾನ್‌ಹೋಲ್ ಪಕ್ಕದಲ್ಲೇ ಬಿಡಬೇಕು. ಚಪ್ಪಲಿ ಅಲ್ಲಿರುವ ತನಕ ಯಾರೂ ಮುಚ್ಚಳ ಮುಟ್ಟುವಂತಿಲ್ಲ, ನೀರಿನ ವಾಲ್ವು ತಿರುಗಿಸುವಂತಿಲ್ಲ. ಯಾರು ಶುರು ಮಾಡಿದ ಪದ್ಧತಿಯೋ ಗೊತ್ತಿಲ್ಲ. ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಆದರೆ ಅದನ್ನು ಯಾರೂ ಮೀರುತ್ತಿರಲಿಲ್ಲ. 

ಮುನಿರಾಜು ಅಲ್ಲಿಂದಲೇ ಈ ಪದ್ಧತಿಯನ್ನು ಭವ್ಯಳಿಗೆ ವಿವರಿಸಿದ. ಅವಳಿಗೆ ಬಹಳ ಹಿಡಿಸಿತು. ತಾನು ಕೊಡುವ ಟ್ಯಾಗು, ಫಾರಂ ಯಾವುದನ್ನೂ ಕಟಿಂಗ್ ಕೆಲಸದವರು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಚಪ್ಪಲಿಯ ಮಾತಾದರೆ ಹೇಳದೆಯೇ ಅರ್ಥವಾಗುತ್ತದೆ, ನಾಳೆಯಿಂದ ಇದನ್ನೇ ಮಾಡಿಸುತ್ತೇನೆ ಎಂದು ಬರೆದುಕೊಂಡಳು. ನಾಳೆ ಬೆಳಿಗ್ಗೆ ಬಾಯ್ಲರಿಗೆ ಪೂಜೆ ಮಾಡಿ, ಕಾಯಿ ಒಡೆದು, ಆಮೇಲೆ ಒಳಗೆ ಆಳು ಇಳಿಸಿ ಕತ್ತರಿಸಲು ಶುರು ಎಂದೂ ಹೇಳಿದಳು.



ಮುನಿರಾಜುವಿಗೆ ಕಥೆ ಹೇಳಲು ಪೂಜೆ ಎಂಬ ಮಾತೇ ಸಾಕಾಯಿತು. ತಾನು ಸಾಯಬೇಕಾಗಿದ್ದ ಆ ಆಯುಧಪೂಜೆಯನ್ನು ಎತ್ತಿಕೊಂಡ. ಅವತ್ತು ಬಾಯ್ಲರ್ ತಣ್ಣಗಿತ್ತು, ಪೊರೆ ಕೆರೆದು ಮುಗಿದಿತ್ತು. ಕೋಣೆ ತೊಳೆದು, ಬೆಂಕಿ ಬಾಗಿಲಿಗೆ ವಿಭೂತಿ ಬಳಿದು, ರಂಗೋಲಿ ಹಾಕಿ, ಕೆಲಸದ ಸಾಮಾನುಗಳನ್ನೆಲ್ಲ ಜೋಡಿಸಿದ್ದೆವು. ಮುನಿರಾಜು ನೋಡಿಕೊಂಡರೆ ಅವನ ಉಳಿ ಇಲ್ಲ, ಹಿಂದಿನ ದಿನ ಬಾಯ್ಲರ್ ಒಳಗೇ ಬಿಟ್ಟುಬಂದಿದ್ದ. ವರ್ಷವೆಲ್ಲ ದುಡಿದ ಉಳಿಗೆ ಪೂಜೆ ತಪ್ಪಬಾರದೆಂದು ಯಾರಿಗೂ ಹೇಳದೆ ಏಣಿ ಹತ್ತಿ ಒಳಗಿಳಿದ. ಉಳಿ ಕೊಳವೆಗಳ ಸಂದಿಗೆ ಬಿದ್ದಿತ್ತು, ಅದನ್ನು ಎಳೆಯುತ್ತಾ ಕೂತ. ಅಷ್ಟರಲ್ಲಿ ಮಂಗಳಾರತಿ ಆಯಿತು. ಮಧ್ಯಾಹ್ನದ ಊಟಕ್ಕೆ ಸ್ಟೀಮ್ ಬೇಕಿತ್ತು. ಮುಚ್ಚಳ ಬಿತ್ತು, ನೀರಿನ ಪಂಪು ಶುರುವಾಯಿತು. ಅಂಗಳದಲ್ಲಿ ಮೈಕಿನ ಹಾಡು, ಅವನ ಕೂಗು ಯಾರಿಗೂ ಕೇಳಲಿಲ್ಲ.

"ಆ ಹೊರಗಿನ್ ಫಿಟ್ಟರ್ ನನ್ಮಕ್ಳು ಮುಚ್ಬಿಟ್ಟಿದ್ರು ಮೇಡಂ, ರಿಪೇರಿಗೆ ಅಂತ ಬಂದಿದ್ರಲ್ಲ, ಅವ್ರೇ," ಎಂದ ಮುನಿರಾಜು. "ಸೊಂಟದ್ ಮಟ್ಟ ನೀರು ಬಂದಿತ್ತು. ನಮ್ ಹನುಮಣ್ಣ ಆಚೆ ಎಲ್ರು ಚಪ್ಲಿ ಹಾಕ್ಕೊಂಡ್ ಹೋದ್ಮೇಲೆ ನೋಡವ್ನೆ, ನಂದೊಂದ್ ಜೊತೆ ಅಲ್ಲೇ ಐತೆ. ಓಡ್ ಬಂದು ಮುಚ್ಚಳ ತೆಗ್ದು ಎಳ್ದಾಕ್ದ. ಇವ್ನಿಲ್ದಿದ್ರೆ ನಾನಿಲ್ಲ."

ಭವ್ಯ ನನ್ನ ಕಡೆ ಗೌರವದಿಂದ ನೋಡಿದಳು. ಆಮೇಲೆ ರಟ್ಟಿನ ಕಡೆ ನೋಡಿ, ಆದರೂ ಒಂದು ಅರ್ಥವಾಗಲಿಲ್ಲ, ಚಪ್ಪಲಿ ಮ್ಯಾನ್‌ಹೋಲ್ ಹತ್ತಿರ ಇರಬೇಕಿತ್ತಲ್ಲ, ಹೊರಗೆ ಯಾಕಿತ್ತು ಎಂದು ಕೇಳಿದಳು. ಇಷ್ಟು ವರ್ಷ ಈ ಕಥೆ ಕೇಳಿದ ಯಾರೂ ಅದನ್ನು ಕೇಳಿರಲಿಲ್ಲ.

ಇಲ್ಲಿ ಸುಮ್ಮನಿರಬಹುದಿತ್ತು. ಮುನಿರಾಜು ಏನಾದರೂ ಹೇಳಿ ತೇಲಿಸುತ್ತಿದ್ದ. ಆದರೆ ಮಾರನೆಯ ದಿನ ಅದೇ ಕೋಣೆಯಲ್ಲಿ ಪೂಜೆ, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಬರುತ್ತಾರೆ, ಅದೇ ಮ್ಯಾನ್‌ಹೋಲಿನಲ್ಲಿ ಯಾರೋ ಇಳಿಯುತ್ತಾರೆ. ನಾನು ನೆಲ ನೋಡುತ್ತಾ ಹೇಳಿದೆ.

"ಪೂಜೆ ಕೋಣೆಗೆ ಯಾರಾದ್ರೂ ಚಪ್ಲಿ ಹಾಕ್ಕೊಂಡ್ ಬರ್ತಾರೇನಮ್ಮ. ಎಲ್ರುದೂ ಆಚೆ ಇತ್ತು. ಮ್ಯಾನ್‌ಹೋಲ್ ಹತ್ರ ಚಪ್ಲಿ ಇಲ್ಲ ಅಂದ್ಮೇಲೆ ಒಳಗೆ ಯಾರೂ ಇಲ್ಲ ಅಂದ್ಕೊಂಡು ಮುಚ್ಚಿದ್ದು ನಾನೇ. ಫಿಟ್ಟರ್‌ಗಳಲ್ಲ. ಪಂಪ್ ಹಾಕಿದ್ದೂ ನಾನೇ."

ಮುನಿರಾಜು ಏಣಿಯ ಮೇಲಿಂದ ನಿಧಾನವಾಗಿ ಇಳಿದು ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಲೆಕ್ಕ ಹಾಕುವವನಂತೆ ಕಂಡ.

"ನಾನು ಉಳೀಲಿ ಬಡೀತಿದ್ನಲ್ಲ, ಅದು?" ಎಂದು ಕೇಳಿದ.

ಇನ್ನರ್ಧ ಎಂದೆನಲ್ಲ, ಅದರ ತಿರುಳು ಇದು. ಪಂಪು ಹಾಕಿ ನಾನು ಕೆಳಗೆ ಕೂತು ಕಡ್ಲೆಪುರಿ ತಿನ್ನುತ್ತಿದ್ದೆ. ಬಾಯ್ಲರಿನಿಂದ ಟಣ್ ಟಣ್ ಎಂದು ಸದ್ದು ಬಂತು. ಖಾಲಿ ಪೈಪಿಗೆ ನೀರು ನುಗ್ಗುವಾಗ ಒಳಗಿನ ಗಾಳಿ ಸಿಕ್ಕಿಕೊಂಡು ಹಾಗೇ ಬಡಿಯುತ್ತದೆ. ಆಗಷ್ಟೇ ಒಳಗೆ ಬಂದ ರಾಯರು ಅದೇನು ಹನುಮಂತ ಎಂದರು. ಪೈಪಿನ ಗಾಳಿ ಸಾರ್, ಹೋಗುತ್ತೆ ಎಂದೆ. ಕಿವಿ ಹನುಮಂತನೇ ಹೇಳಿದ ಮೇಲೆ ಅವರು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ನೋಡಿ ಸಾರ್, ಗಾಳಿ ಹೋಯ್ತು ಎಂದೆ. ಅವನ ಕೈಯಿಂದ ಉಳಿ ನೀರಿಗೆ ಬಿದ್ದಿತ್ತು.

ಇದನ್ನು ಅವನಿಗೆ ಹೇಳಿದೆ. "ಕೇಳಿಸ್ತು ಮುನಿರಾಜು. ಒಂದು ಬೀಡಿ ಸೇದಿ ಮುಗಿಸೋ ಅಷ್ಟು ಹೊತ್ತು ಕೇಳಿಸ್ತು. ಪೈಪು ಅಂದ್ಬಿಟ್ಟೆ."

ಅವತ್ತು ಅವನನ್ನು ಹೊರಗೆಳೆದಾಗ ಹಣೆ ಒಡೆದಿತ್ತು, ಬೆರಳ ತುದಿಗಳಲ್ಲಿ ರಕ್ತ. ಮುಚ್ಚಿದ್ದು ಯಾರು ಎಂದು ರಾಯರು ಕೇಳಿದರು. ಮುನಿರಾಜುವೇ ನಡುಗುತ್ತಾ, ಆ ಫಿಟ್ಟರ್‌ಗಳಿರಬೇಕು ಎಂದ. ಅವರು ಹಬ್ಬಕ್ಕೆಂದು ಅಷ್ಟೊತ್ತಿಗಾಗಲೇ ಊರಿಗೆ ಹೊರಟುಹೋಗಿದ್ದರು. ನಾನು ಹೂಂ ಎಂದೆ. ಆ ಒಂದು ಹೂಂ ಇಷ್ಟು ವರ್ಷ ಎಳೆದುಕೊಂಡು ಬಂತು. ನನ್ನ ಬೀಳ್ಕೊಡುಗೆಯಲ್ಲಿ ಅವನು ಮೈಕು ಹಿಡಿದು ನನ್ನನ್ನು ಹೊಗಳಿ ಅತ್ತಾಗ ತಲೆ ತಗ್ಗಿಸಿ ಕೂತಿದ್ದೆ, ಜನ ಅದನ್ನು ವಿನಯ ಎಂದುಕೊಂಡರು. ರಾಯರು ತೀರಿಕೊಂಡರು, ಅವರಿಗೂ ಹೇಳಲಿಲ್ಲ. ತಪ್ಪು ಮಾಡಿದ್ದಕ್ಕಿಂತ ಹೊಗಳಿಕೆಯನ್ನು ತಿಂದುಕೊಂಡು ಕೂತದ್ದಕ್ಕೇ ನನಗೆ ಹೆಚ್ಚು ನಾಚಿಕೆ.

ಮುನಿರಾಜು ಹೆಲ್ಮೆಟ್ ತೆಗೆದು ಭವ್ಯಳ ಕೈಗೆ ಕೊಟ್ಟ. ಬಸ್ಸಿಗೆ ಹೊತ್ತಾಯಿತು ಮೇಡಂ ಎಂದು ಹೊರಟ. ನನ್ನ ಕಡೆ ನೋಡಲಿಲ್ಲ. ಮುರಿದ ಕಿಟಕಿಯಿಂದ ಅವನು ನೀಲಗಿರಿ ತೋಪಿನ ದಾರಿಯಲ್ಲಿ ನಡೆದುಹೋಗುವುದು ರಸ್ತೆ ಮುಟ್ಟುವವರೆಗೂ ಕಾಣುತ್ತಿತ್ತು.

ಭವ್ಯ ಬುದ್ಧಿವಂತೆ, ಸಮಾಧಾನದ ಮಾತು ಏನೂ ಆಡಲಿಲ್ಲ. ಚಪ್ಪಲಿ ಎಂದು ಬರೆದಿದ್ದ ಸಾಲನ್ನು ಹೊಡೆದು ಹಾಕಿ, ಹಾಗಾದರೆ ಏನು ಬರೆಯಲಿ ಎಂದು ಕೇಳಿದಳು. ಆ ಹಬ್ಬದ ನಂತರ ನಾನು ನಿವೃತ್ತನಾಗುವವರೆಗೆ ಏನು ಮಾಡುತ್ತಿದ್ದೆನೋ ಅದನ್ನು ಹೇಳಿದೆ. ಮುಚ್ಚುವ ಮೊದಲು ಪಂಪು ಮೋಟಾರು ಎಲ್ಲ ನಿಲ್ಲಿಸಬೇಕು. ತಲೆ ಒಳಗೆ ಹಾಕಿ ಬ್ಯಾಟರಿ ಬೆಳಕು ಬಿಟ್ಟು, ಮೂರು ಸಲ ಕೂಗಬೇಕು. ಕೂಗಿದ ಮೇಲೆ ಸುಮ್ಮನಿದ್ದು ಕೇಳಬೇಕು. ಇಳಿದವರ ಹೆಸರು ಬರೆದಿಟ್ಟು, ಅವರೆಲ್ಲರ ಮುಖ ಹೊರಗೆ ಕಂಡ ಮೇಲೆ ಮುಚ್ಚಬೇಕು. ಏನಾದರೂ ಸದ್ದು ಬಂದರೆ ಅದು ಪೈಪು ಎಂದು ಗೊತ್ತಾಗುವ ತನಕ ಮನುಷ್ಯ ಎಂದೇ ತಿಳಿಯಬೇಕು. ಖಾಲಿ ಬಾಯ್ಲರಿಗೆ ತಲೆ ಹಾಕಿ ಕೂಗುತ್ತಿದ್ದ ನನ್ನನ್ನು ನೋಡಿ ಆಗಿನವರು ತಲೆ ಕೆಟ್ಟಿದೆ ಎನ್ನುತ್ತಿದ್ದರು. ಮಾರನೆಯ ದಿನ ಸಂಜೆ ಭವ್ಯ ಫೋನ್ ಮಾಡಿ, ಪೂಜೆಯೂ ಆಯಿತು, ಕೂಗಿದ್ದೂ ಆಯಿತು, ಎಲ್ಲರೂ ಸರಿಯಾಗಿದ್ದಾರೆ ಎಂದು ತಿಳಿಸಿದಳು. ಬಾಯ್ಲರ್ ನಾಲ್ಕು ದಿನಕ್ಕೆ ತುಂಡಾಗಿ ಲಾರಿ ಹತ್ತಿತು.

ಆಯುಧಪೂಜೆ ಬಂತು. ಮಾರನೆಯ ದಿನ ಬೆಳಿಗ್ಗೆಯಿಂದ ಜಗಲಿಯ ಮೇಲೆ ಕೂತಿದ್ದೆ. ಮಧುರೆ ಕಡೆಯ ಬಸ್ಸು ಬಂದಾಗಲೆಲ್ಲ ತಲೆ ಎತ್ತಿ ನೋಡಿದೆ. ಮುನಿರಾಜು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಫೋನ್ ಮಾಡಲು ಧೈರ್ಯವಾಗಲಿಲ್ಲ. ಇಪ್ಪತ್ತೆಂಟು ವರ್ಷ ಜೊತೆಗೆ ಊಟದ ಡಬ್ಬಿ ಬಿಚ್ಚಿದ ಸ್ನೇಹಿತ ಇನ್ನು ಇಲ್ಲ ಎಂದು ದುಃಖವಾಯಿತು. ಅದೇ ಹೊತ್ತಿಗೆ ಎದೆ ಹಗುರವಾದದ್ದೂ ನಿಜ. ಎರಡೂ ಒಟ್ಟಿಗೆ ಇದ್ದವು.

ನನ್ನ ಹೆಂಡತಿಗೆ ಆ ವಾರ ಎಲ್ಲವನ್ನೂ ಹೇಳಿದೆ. ಅವಳು ಹೂವು ಕಟ್ಟುತ್ತಾ ಕೇಳಿಸಿಕೊಂಡಳು. ಆಮೇಲೆ, "ಅವ್ರು ಬರ್ಲಿಲ್ಲ ಅಂತ ಕೂತ್ಕೊಂಡಿದ್ದೀರಲ್ಲ, ಇಷ್ಟ್ ವರ್ಷದಲ್ಲಿ ನೀವು ಒಂದ್ಸಲನಾದ್ರೂ ಹೋಗಿದ್ರಾ?" ಎಂದಳು. ಹೋಗಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಪೇಟೆಯಲ್ಲಿ ಒಂದು ಚೀಲ ಕಡ್ಲೆಪುರಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಕಡ್ಲೆಪುರಿಯ ಹಬ್ಬ ಮುಗಿದು ಮೂರು ವಾರವಾಗಿತ್ತು, ಅಂಗಡಿಯವನು ನನ್ನ ಮುಖ ನೋಡಿದ. ಮುನಿರಾಜುವಿನ ಮನೆ ಊರ ಕೊನೆಯಲ್ಲಿ, ಮುಂದೆ ಒಂದಿಷ್ಟು ರಾಗಿ ಹೊಲ. ತೆನೆ ಬಾಗಿತ್ತು. ಅಂಗಳದಲ್ಲಿ ಅವನ ಹೆಂಡತಿ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದು, ಬನ್ನಿ ಅಣ್ಣ ಎಂದಳು. ಅವಳಿಗೆ ವಿಷಯ ಗೊತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಹಿಂದುಗಡೆ ಸಂಪು ತೊಳೀತಾವ್ರೆ, ಈ ವಯಸ್ಸಲ್ಲಿ ಬೇಡ ಅಂದ್ರೆ ಕೇಳಲ್ಲ ಎಂದು ಕೈ ತೋರಿಸಿದಳು.

ಮನೆಯ ಹಿಂದೆ ನೀರಿನ ಸಂಪು. ಕಬ್ಬಿಣದ ಮುಚ್ಚಳ ತೆಗೆದು ಪಕ್ಕಕ್ಕೆ ಇಟ್ಟಿತ್ತು. ಅದರ ಬಾಯಿಗೆ ಹೊಂದಿಕೊಂಡಂತೆ ಒಂದು ಜೊತೆ ಚಪ್ಪಲಿ. ಒಳಗಿನಿಂದ ನೆಲ ಉಜ್ಜುವ ಸದ್ದು ಬರುತ್ತಿತ್ತು. ಕಡ್ಲೆಪುರಿ ಚೀಲ ಕೆಳಗಿಟ್ಟು, ಚಪ್ಪಲಿಯ ಪಕ್ಕದಲ್ಲಿ ಕೂತೆ. ನನ್ನ ನೆರಳು ಒಳಗೆ ಬಿದ್ದಿರಬೇಕು, ಉಜ್ಜುವುದು ನಿಂತಿತು.

"ಯಾರದು?"

"ನಾನು."

ಅಂಗಳದಲ್ಲಿ ಹಂಡೆ ತಿಕ್ಕುವ ಸದ್ದು ಮಾತ್ರ ಇತ್ತು. ಆಮೇಲೆ ಒಳಗಿನಿಂದ ಪೊರಕೆಯ ಹಿಡಿಯಲ್ಲಿ ಗೋಡೆಗೆ ಬಡಿದ ಸದ್ದು ಬಂತು. ಒಂದು, ಎರಡು, ಮೂರು.

"ಕೇಳಿಸ್ತಾ?" ಎಂದ.

"ಕೇಳಿಸ್ತು ಕಣೋ," ಎಂದೆ.

"ಹಂಗಾದ್ರೆ ಸುಮ್ಕೆ ಕೂತ್ಕೊಬೇಡ. ಬಕೆಟ್ ಎಳ್ಕೊ, ರಾಡಿ ತುಂಬೈತೆ."

ಎದ್ದು ಪಂಚೆ ಎತ್ತಿ ಕಟ್ಟಿ, ಹಗ್ಗ ಹಿಡಿದು ಎಳೆದೆ.